ನಾಲ್ಕನೆಯ ಮರುದನಿ

ಡಿಲೇ ಪೆಡಲ್ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಎಷ್ಟು ಮಿಲಿಸೆಕೆಂಡ್ ತಡ ಸಿಗುತ್ತದೆ, ಎಷ್ಟು ಮೋಡ್‌ಗಳಿವೆ ಎಂದು. ನನ್ನ ಮಟ್ಟಿಗೆ ಇವೆರಡೂ ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಒಂದೇ ಒಂದು ಸ್ವರ ಮೀಟಿ, ತಂತಿಯನ್ನು ಅಂಗೈಯಿಂದ ಮುಚ್ಚಿ ಕೇಳಿ. ಮೊದಲ ಮರುದನಿ ಯಾವ ಪೆಡಲಿನಲ್ಲೂ ಚೆನ್ನಾಗಿಯೇ ಇರುತ್ತದೆ. ಪೆಡಲಿನ ಗುಣ ತಿಳಿಯುವುದು ಮೂರನೆಯದು, ನಾಲ್ಕನೆಯದು ಬರುವ ಹೊತ್ತಿಗೆ. ಅದು ಹಿಂದೆ ಸರಿದು ನೀವು ನುಡಿಸಲಿರುವ ಮುಂದಿನ ಸ್ವರಕ್ಕೆ ಜಾಗ ಬಿಡುತ್ತದೆಯೋ, ಇಲ್ಲ ಅದರ ಮೇಲೆಯೇ ಬಂದು ಕೂರುತ್ತದೆಯೋ?

ಹಳೆಯ ಟೇಪ್ ಎಕೋ ಯಂತ್ರಗಳಲ್ಲಿ ಮರುದನಿ ತಾನಾಗಿಯೇ ಹಿಂದೆ ಸರಿಯುತ್ತಿತ್ತು. 1959ರಲ್ಲಿ ಬಂದ ಎಕೋಪ್ಲೆಕ್ಸ್ ಆಗಲಿ, 1974ರ ರೋಲ್ಯಾಂಡ್ ಸ್ಪೇಸ್ ಎಕೋ ಆಗಲಿ, ಧ್ವನಿ ಪ್ರತಿ ಸುತ್ತಿನಲ್ಲೂ ಮತ್ತೆ ಟೇಪಿಗೆ ಬಿದ್ದು ಒಂದಿಷ್ಟು ಮೊನಚು ಕಳೆದುಕೊಳ್ಳುತ್ತಿತ್ತು. ಅದು ಯಂತ್ರದ ಮಿತಿ. ಆದರೆ ಕಿವಿಗೆ ಆ ಮಿತಿಯೇ ಹಿತವಾಯಿತು, ದೂರದ ಶಬ್ದ ಮಂಕಾಗಿ ಕೇಳಿಸುವುದು ನಮಗೆ ಹುಟ್ಟಿನಿಂದ ಅಭ್ಯಾಸವಾದದ್ದರಿಂದ.

ಅನಲಾಗ್ ಪೆಡಲುಗಳಿಗೆ ಈ ಗುಣ ಬೇರೆ ದಾರಿಯಿಂದ ಬಂತು. 1969ರಲ್ಲಿ ಫಿಲಿಪ್ಸ್‌ನ ಸ್ಯಾಂಗ್‌ಸ್ಟರ್ ಮತ್ತು ಟೀರ್ ರೂಪಿಸಿದ ಬಕೆಟ್ ಬ್ರಿಗೇಡ್ ಚಿಪ್ಪಿನಲ್ಲಿ, ಬೆಂಕಿ ಬಿದ್ದ ಮನೆಗೆ ಸಾಲು ನಿಂತ ಜನ ಕೊಡ ದಾಟಿಸುವಂತೆ, ಒಂದು ಕೋಶದ ವಿದ್ಯುದಾವೇಶ ಮುಂದಿನ ಕೋಶಕ್ಕೆ ದಾಟುತ್ತಾ ಹೋಗುತ್ತದೆ. ಹೆಸರಾದ ಎಂಎನ್3005 ಚಿಪ್ಪಿನಲ್ಲಿ ಇಂಥ 4096 ಹಂತಗಳಿದ್ದವು. ತಡ ಹೆಚ್ಚಾಗಬೇಕಾದರೆ ದಾಟಿಸುವ ವೇಗ ತಗ್ಗಬೇಕು. ವೇಗ ತಗ್ಗಿದಷ್ಟೂ ಮೇಲಿನ ಆವರ್ತನಗಳನ್ನು ಫಿಲ್ಟರ್ ಹಾಕಿ ಕತ್ತರಿಸಲೇಬೇಕು. ಹಾಗಾಗಿ ಅನಲಾಗ್ ಡಿಲೇಯಲ್ಲಿ ತಡ ಉದ್ದವಾದಂತೆ ದನಿ ಮಬ್ಬಾಗುತ್ತದೆ, ಸ್ವಲ್ಪ ಗದ್ದಲವೂ ಸೇರುತ್ತದೆ.

2008ರಲ್ಲಿ ಬಂದ ಎಂಎಕ್ಸ್‌ಆರ್ ಕಾರ್ಬನ್ ಕಾಪಿ ಈ ಜಾತಿಯದು. ಮೂರೇ ನಾಬ್, 600 ಮಿಲಿಸೆಕೆಂಡ್ ತಡ, ಮರುದನಿಯನ್ನು ಸ್ವಲ್ಪ ಅಲುಗಿಸುವ ಒಂದು ಮಾಡ್ ಗುಂಡಿ. ಇದರಲ್ಲಿ ನಾಲ್ಕನೆಯ ಮರುದನಿಯ ಅಂಚು ಪೂರ್ತಿ ಸವೆದಿರುತ್ತದೆ, ಉಳಿಯುವುದು ಸ್ವರದ ಮೈ ಮಾತ್ರ. ಅದರ ಮೇಲೆ ಹೊಸ ಸಾಲು ನುಡಿಸಿದರೆ ಎಲ್ಲೂ ತಿಕ್ಕಾಟವಿಲ್ಲ. ರೀಜೆನ್ ನಾಬನ್ನು ಪೂರ್ತಿ ತಿರುಗಿಸಿದಾಗ ದನಿ ತನ್ನನ್ನು ತಾನೇ ಉಣಿಸಿಕೊಂಡು ಉಬ್ಬತೊಡಗುತ್ತದೆ. ಆಗ ಡಿಲೇ ನಾಬ್ ಮುಟ್ಟಿದರೆ ಸಾಲಿನಲ್ಲಿರುವ ಸ್ವರಗಳೆಲ್ಲ ಒಟ್ಟಿಗೆ ಮೇಲಕ್ಕೋ ಕೆಳಕ್ಕೋ ಜಾರುತ್ತವೆ. ಇದನ್ನು ಬರಿಯ ಗಿಮಿಕ್ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹಾಡಿನ ಕೊನೆಯಲ್ಲಿ ಅಳತೆಯರಿತು ಬಳಸಿದರೆ ಅದು ಪೂರ್ಣ ಪ್ರಮಾಣದ ವಾದನವೇ.

1986ರಲ್ಲಿ ಬಂದ ಬಾಸ್ ಡಿಡಿ-3 ಇದಕ್ಕೆ ತದ್ವಿರುದ್ಧ. ಡಿಜಿಟಲ್, 800 ಮಿಲಿಸೆಕೆಂಡ್, ನಾಲ್ಕನೆಯ ಮರುದನಿಯಲ್ಲೂ ಪಿಕ್ ತಂತಿಗೆ ತಾಗಿದ ಸದ್ದು ಸ್ಪಷ್ಟ. ಮರುದನಿಯೇ ತಾಳದ ಭಾಗವಾಗಬೇಕಾದ ಕಡೆ ಈ ಸ್ಪಷ್ಟತೆ ಬೇಕು. ನಿಮಿಷಕ್ಕೆ 120 ಬೀಟ್ ಇದ್ದರೆ ಒಂದು ಬೀಟಿಗೆ 500 ಮಿಲಿಸೆಕೆಂಡ್. ಅದರ ಮುಕ್ಕಾಲು, ಅಂದರೆ 375 ಇಟ್ಟು ಒಂದೇ ಸಮನೆ ಎಂಟರ ನಡೆಯಲ್ಲಿ ಮೀಟಿದರೆ, ನೀವು ನುಡಿಸದ ಸ್ವರಗಳು ನಡುನಡುವೆ ಹುಟ್ಟುತ್ತವೆ. ಈ ನಡೆಯನ್ನು ಜನಪ್ರಿಯಗೊಳಿಸಿದ ಯು2 ತಂಡದ ದಿ ಎಡ್ಜ್ ಶುರುವಿನಲ್ಲಿ ಬಳಸಿದ್ದು ಮೆಮೊರಿ ಮ್ಯಾನ್ ಎಂಬ ಅನಲಾಗ್ ಪೆಡಲನ್ನು ಎಂಬುದನ್ನೂ ಇಲ್ಲಿ ನೆನೆಯಬೇಕು. ತಾಳಕ್ಕೆ ಡಿಜಿಟಲ್ಲೇ ಬೇಕೆಂಬ ವಾದ ಅಷ್ಟು ಗಟ್ಟಿಯದಲ್ಲ.

ಡಿಡಿ-3 ಸೋಲುವುದು ಬೆಂಡ್ ಮತ್ತು ಜಾರುಗಳಲ್ಲಿ. ಗಿಟಾರಿನಲ್ಲಿ ಗಮಕ ನುಡಿಸಲು ಯತ್ನಿಸಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ರಿಷಭದಿಂದ ಗಾಂಧಾರಕ್ಕೆ ತಂತಿ ಎಳೆದು ನಿಲ್ಲಿಸಿದ್ದೀರಿ. ಅಷ್ಟರಲ್ಲಿ ಹಿಂದಿನ ರಿಷಭ, ಆಮೇಲೆ ನಡುವಿನ ಅರೆಬರೆ ಶ್ರುತಿಗಳೆಲ್ಲ ಅದೇ ಮೊನಚಿನಲ್ಲಿ ಮರಳಿ ಬಂದು ನಿಂತ ಗಾಂಧಾರವನ್ನು ಕದಡುತ್ತವೆ. ಮಬ್ಬು ಮರುದನಿಯಲ್ಲಿ ಈ ಕದಡು ಹಿನ್ನೆಲೆಯ ಬೆಚ್ಚನೆಯ ಛಾಯೆಯಾಗಿ ಉಳಿಯುತ್ತದೆ. ಸ್ವರ ಎಳೆದು ನುಡಿಸುವವರಿಗೆ ನಾನು ಕಣ್ಣುಮುಚ್ಚಿ ಕಾರ್ಬನ್ ಕಾಪಿಯನ್ನೇ ಸೂಚಿಸುತ್ತೇನೆ.

ಹಾಗೆಂದು ಅದು ದೋಷವಿಲ್ಲದ್ದಲ್ಲ. ಕಾಲಿನಿಂದ ಗತಿ ತಿಳಿಸುವ ಟ್ಯಾಪ್ ಟೆಂಪೊ ಇಲ್ಲದಿರುವುದು ದೊಡ್ಡ ಕೊರತೆ. ಡ್ರಮ್ಮರ್ ಸ್ವಲ್ಪ ಓಡಿದರೂ ಬಗ್ಗಿ ನಾಬ್ ತಿರುಗಿಸಬೇಕು. ಮಾಡ್ ಎಷ್ಟಿರಬೇಕೆಂದು ಹೊಂದಿಸಲು ಹಿಂದಿನ ತಗಡು ಬಿಚ್ಚಿ ಒಳಗಿನ ಪುಟ್ಟ ಟ್ರಿಮ್ ಪಾಟುಗಳನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಬೇಕು. ಕೋಣೆಯಲ್ಲಿ ಸೊಗಸಾಗಿ ಕೇಳಿದ ಮಬ್ಬು ಮರುದನಿ ಬೇಸ್, ಡ್ರಮ್ಸ್ ಜೊತೆ ಸೇರಿದಾಗ ಮುಳುಗಿಹೋಗುತ್ತದೆ. ಮಿಕ್ಸ್ ಏರಿಸದೆ ಗತಿಯಿಲ್ಲ. ಟ್ಯಾಪ್ ಬೇಕೇ ಬೇಕೆನ್ನುವವರಿಗೆ ಇದರದೇ ಡಿಲಕ್ಸ್ ಮಾದರಿ ಇದೆ.

ಅಗ್ಗದ ಪೆಡಲುಗಳ ಬಗ್ಗೆ ಒಂದು ಮಾತು. ಅನಲಾಗ್ ಎಂಬ ಧಾಟಿಯಲ್ಲಿ ಮಾರಾಟವಾಗುವ ಹಲವು ಪೆಡಲುಗಳ ಒಳಗಿರುವುದು ಪಿಟಿ2399 ಎಂಬ ಡಿಜಿಟಲ್ ಚಿಪ್. ಕ್ಯಾರಿಯೋಕೆಯಂಥ ಯಂತ್ರಗಳ ಎಕೋಗಾಗಿ ಬಂದದ್ದು. ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ತಡ 300 ಮಿಲಿಸೆಕೆಂಡಿನೊಳಗಿದ್ದರೆ ಅದರ ಮರುದನಿಯೂ ಮೃದುವಾಗಿ ಹಿಂದೆ ಸರಿಯುತ್ತದೆ, ಅದರಾಚೆಗೆ ಮರಳು ಬೆರೆತಂತೆ ಗರಗರ ಎನ್ನುತ್ತದೆ. ರಾಕಬಿಲ್ಲಿಯ ಚುಟುಕು ಸ್ಲ್ಯಾಪ್‌ಬ್ಯಾಕ್‌ಗೆ ನೂರರ ಆಸುಪಾಸು ಸಾಕು. ಅಷ್ಟಕ್ಕೆ ದುಬಾರಿ ಪೆಟ್ಟಿಗೆ ಬೇಡ.

ಯಾವುದನ್ನೇ ಆರಿಸಿದರೂ ನಿಮ್ಮ ಡಿಸ್ಟಾರ್ಶನ್ ಎಲ್ಲಿಂದ ಬರುತ್ತಿದೆ ಎಂಬುದನ್ನು ನೋಡಿಕೊಳ್ಳಿ. ಅದು ಆಂಪಿನಿಂದಲೇ ಬರುತ್ತಿದ್ದು, ಆ ಆಂಪಿಗೆ ಎಫೆಕ್ಟ್ಸ್ ಲೂಪ್ ಇಲ್ಲದಿದ್ದರೆ, ಮರುದನಿಗಳೆಲ್ಲ ಒಟ್ಟಾಗಿ ಡಿಸ್ಟಾರ್ಶನ್ನಿಗೆ ಬಿದ್ದು ಕೆಸರಾಗುತ್ತವೆ, ಆಗ ಎರಡು ಪೆಡಲುಗಳ ನಡುವಿನ ವ್ಯತ್ಯಾಸವೇ ಸರಿಯಾಗಿ ಕೇಳಿಸದು. ಅಂಥವರು ಮೊದಲು ಒಂದು ಒಳ್ಳೆಯ ಡಿಸ್ಟಾರ್ಶನ್ ಪೆಡಲ್ ಕೊಂಡು, ಆಂಪನ್ನು ಕ್ಲೀನ್ ಇಟ್ಟುಕೊಂಡು, ಡಿಲೇ ಆಯ್ಕೆಗೆ ಆಮೇಲೆ ಇಳಿಯುವುದು ಮೇಲು.