ಪೋರ್ಷಿಯಾಳ ಮಳೆಗೆ ಒಂದು ಅಂಕ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಇಂಗ್ಲಿಷ್ ಕವಿತೆಯ ಅಲಂಕಾರ ಕಲಿಸುವ ಒಂದು ಸೂತ್ರಕ್ಕೆ ಭಾರಿ ಹೆಸರು: ‘ಲೈಕ್, ಆ್ಯಸ್ ಬಂತಂದ್ರ ಸಿಮಿಲಿ, ಬರಲಿಲ್ಲಂದ್ರ ಮೆಟಫರ್.’ ಗೈಡುಗಳಲ್ಲಿ ಇದಕ್ಕೆ ಚೌಕಟ್ಟಿನ ಮರ್ಯಾದೆ. ಅಂಕ ಬರುತ್ತದೆ, ಅಲ್ಲಗಳೆಯುವುದಿಲ್ಲ. ಕವಿತೆ ಓದದೆಯೂ ಬರುತ್ತದೆ ಎಂಬುದೇ ನನ್ನ ತಕರಾರು.

ಹತ್ತನೆಯ ತರಗತಿಯ ‘ಕ್ವಾಲಿಟಿ ಆಫ್ ಮರ್ಸಿ’ಯನ್ನೇ ನೋಡಿ. ಕರುಣೆಗೆ ಅಲ್ಲಿ ಸೌಮ್ಯವಾದ ಮಳೆಯ ಹೋಲಿಕೆ. ‘ಆ್ಯಸ್’ ಕೆಳಗೆ ಗೆರೆ ಎಳೆದು ಸಿಮಿಲಿ ಎಂದು ಬರೆದರೆ ಪಾಠ ಮುಗಿಯಿತು. ‘ಮರ್ಚಂಟ್ ಆಫ್ ವೆನಿಸ್’ ನಾಟಕದಲ್ಲಿ ಆ ಮಾತಿಗೆ ಹಿಂದೊಂದು ಜಗಳವಿದೆ. ನ್ಯಾಯಶಾಸ್ತ್ರಿಯ ವೇಷದಲ್ಲಿ ಬಂದ ಪೋರ್ಷಿಯಾ ಕರುಣೆ ತೋರಬೇಕು ಅನ್ನುತ್ತಾಳೆ. ಯಾವ ಬಲವಂತಕ್ಕೆ ತೋರಬೇಕು ಎಂದು ಸಾಲ ಕೊಟ್ಟ ಶೈಲಾಕ್ ತಿರುಗಿ ಕೇಳುತ್ತಾನೆ. ಕರಾರುಪತ್ರ ಕೈಯಲ್ಲಿ ಹಿಡಿದವನ ಪ್ರಶ್ನೆ ಅದು. ಮಳೆ ಅದಕ್ಕೆ ಕೊಟ್ಟ ಜವಾಬು: ಅದನ್ನು ಹುಕುಂ ಮಾಡಿ ತರಿಸಲಾಗದು, ಬಂದಾಗ ಯಾರ ಹೊಲ ಎಂದು ಅದು ಕೇಳದು. ಪಠ್ಯದಲ್ಲಿ ಪೋರ್ಷಿಯಾಳ ಮಾತಷ್ಟೇ ಉಳಿದಿದೆ. ಪ್ರಶ್ನೆ ಕಾಣೆಯಾದ ಮೇಲೆ ಹೋಲಿಕೆ ಬರೀ ಚಂದದ ಮಾತು.

ಇನ್ನು ‘ಸೌಮ್ಯ’ ಎಂಬ ವಿಶೇಷಣ. ಪೆನ್ಸಿಲ್ ಅಲ್ಲಿಗೆ ಹೋಗುವುದೇ ಇಲ್ಲ. ಘಟ್ಟದ ಮೇಲೆ ಸುರಿದ ಮಳೆಗೆ ಇಲ್ಲಿ ಘಟಪ್ರಭಾ, ಕೃಷ್ಣೆ ಉಕ್ಕುತ್ತವೆ; 2019ರ ಮಹಾಪೂರ ಕಂಡ ಸೀಮೆಯ ಮಕ್ಕಳಿವರು. ಎಲ್ಲ ಮಳೆ ಕರುಣೆಯಲ್ಲವೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎರಿ ಹೊಲದಲ್ಲಿ ಎಂಥ ಮಳೆ ಇಂಗುತ್ತದೆ, ಎಂಥದು ಮಣ್ಣು ಕೊಚ್ಚಿಕೊಂಡು ಹೋಗುತ್ತದೆ ಎಂದು ಕೇಳಿದರೆ ಷೇಕ್ಸ್‌ಪಿಯರ್‌ನ ವಿಶೇಷಣಕ್ಕೆ ಅವರೇ ಅರ್ಥ ಬಿಡಿಸಿಯಾರು.

‘ಇಂಗ್ಲಿಷ್ ಪಾಠಕ್ಕೆ ಕನ್ನಡದ ಅಲಂಕಾರ ತಂದು ಕಲಬೆರಕೆ ಮಾಡಬೇಡಿ’ ಅನ್ನುವ ಪಂಡಿತರಿದ್ದಾರೆ. ಪಕ್ಕದ ಪಿರಿಯಡ್ಡಿನಲ್ಲಿ ಅದೇ ಹುಡುಗ ಉಪಮೇಯ, ಉಪಮಾನ, ವಾಚಕ, ಸಮಾನಧರ್ಮ ಎಂದು ಸಮನ್ವಯ ಬರೆಯುತ್ತಿರುತ್ತಾನೆ. ಹಳೇ ಪದ್ಧತಿ ಎಂದು ಇವರು ಮೂಗು ಮುರಿಯುವ ಅದರಲ್ಲಿ ‘ಈ ಹೋಲಿಕೆ ಯಾಕೆ’ ಎಂದು ಕೇಳುವ ಒಂದು ಸಾಲಾದರೂ ಇದೆ. ‘ಲೈಕ್, ಆ್ಯಸ್’ ಸೂತ್ರ ವಾಚಕದಲ್ಲೇ ಮುಗ್ಗರಿಸುತ್ತದೆ. ಕನ್ನಡದ ಸಮನ್ವಯವೂ ಬಾಯಿಪಾಠವಾಗಿದೆ, ಸರಿ; ಆದರೂ ಆ ಪ್ರಶ್ನೆಗೆ ಅಲ್ಲಿ ಜಾಗವಾದರೂ ಇದೆ.

ಮುಧೋಳದ ನೆಲದಲ್ಲಿ ರನ್ನನಿರುವಾಗ ಪೋರ್ಷಿಯಾ ಯಾಕೆ ಅನ್ನುವ ಅಭಿಮಾನಿಗಳ ಮೇಲೆ ನನಗೆ ಇನ್ನೂ ಸಿಟ್ಟು. ‘ಗದಾಯುದ್ಧ’ದಲ್ಲಿ ಭೀಮನ ಗರ್ಜನೆಗೆ ದುರ್ಯೋಧನ ನೀರೊಳಗಿದ್ದೂ ಬೆವರುವ ಪದ್ಯವನ್ನು ವೇದಿಕೆಯಲ್ಲಿ ಹಾಡಿ ಚಪ್ಪಾಳೆ ಗಿಟ್ಟಿಸಿ, ಹೆದರಿ ಬೆವರಿದ ಎಂದು ಮುಗಿಸುತ್ತಾರೆ. ಅದೇ ಪದ್ಯದಲ್ಲಿ ಅವನ ಕಣ್ಣು ಕೋಪಕ್ಕೆ ಕೆಂಪಾಗಿವೆಯಲ್ಲ! ಬೆವರಿದ್ದು ಭಯಕ್ಕೋ, ಸಿಟ್ಟಿಗೋ, ಸಿಟ್ಟು ಬಂದೂ ಮೇಲೇಳಲಾಗದ ಸಂಕಟಕ್ಕೋ? ಇದನ್ನು ಕೇಳದೆ ಅತಿಶಯೋಕ್ತಿ ಎಂದು ಚೀಟಿ ಅಂಟಿಸುವುದಾದರೆ, ರನ್ನನನ್ನೇ ಪಠ್ಯಕ್ಕೆ ತಂದರೂ ಗೈಡಿಗೆ ಇನ್ನೊಂದು ಚೌಕಟ್ಟು ಸೇರುತ್ತದೆ, ಅಷ್ಟೇ.