ನೆರೆಯ ಗ್ಯಾಲಕ್ಸಿಯಲ್ಲಿ ಯಾರಿದ್ದಾರೆ?

ಕ್ರಿ.ಶ. 964ರ ಸುಮಾರಿಗೆ ಅಬ್ದುರ್ರಹ್ಮಾನ್ ಅಲ್ ಸೂಫಿ ಎಂಬ ಖಗೋಳಜ್ಞರು ಸ್ಥಿರ ನಕ್ಷತ್ರಗಳ ಕುರಿತ ತಮ್ಮ ಗ್ರಂಥದಲ್ಲಿ ಒಂದು ಪುಟ್ಟ ಮೋಡವನ್ನು ಗುರುತಿಸಿದರು. ಇಂದು ನಾವು ಅದನ್ನು ಆಂಡ್ರೊಮೀಡಾ ಗ್ಯಾಲಕ್ಸಿ ಎನ್ನುತ್ತೇವೆ. ಆ ಮೋಡ ನಮ್ಮ ಆಕಾಶಗಂಗೆಯ ಒಳಗಿನದಲ್ಲ, ಬೇರೆಯದೇ ಒಂದು ನಕ್ಷತ್ರಲೋಕ ಎಂದು ಎಡ್ವಿನ್ ಹಬಲ್ ಅಳೆದು ತೋರಿಸಲು 1920ರ ದಶಕ ಬರಬೇಕಾಯಿತು. ವಿಜ್ಞಾನ ಈ ಬಾಗಿಲನ್ನು ತೆರೆದದ್ದೇ ತಡ, ಕಥೆಗಾರರು ಅದರೊಳಗೆ ನುಗ್ಗಿದರು. 1930ರ ದಶಕದಲ್ಲೇ ಅಮೆರಿಕದ ಇ. ಇ. ಸ್ಮಿತ್ ತಮ್ಮ 'ಲೆನ್ಸ್‌ಮನ್' ಸರಣಿಯಲ್ಲಿ ಎರಡು ಗ್ಯಾಲಕ್ಸಿಗಳ ನಡುವೆ ಯುದ್ಧ ಹೂಡಿದರು. ಇಂತಹ ಕಥೆಗಳನ್ನು 1941ರಲ್ಲಿ ವಿಲ್ಸನ್ ಟಕರ್ 'ಸ್ಪೇಸ್ ಒಪೆರಾ' ಎಂದು ಹೀಯಾಳಿಸಿದರು. ಬೈಗುಳವೇ ಕಡೆಗೆ ಒಂದು ಪ್ರಕಾರದ ಹೆಸರಾಗಿ ಉಳಿಯಿತು.

ನಮ್ಮನ್ನು ಕಾಡುವ ಪ್ರಶ್ನೆ ಸರಳವಾದದ್ದು. ಕಥೆಗೆ ಎರಡನೆಯ ಗ್ಯಾಲಕ್ಸಿ ಏಕೆ ಬೇಕು? ಜಾಗ ಸಾಲದೆ ಎಂದರೆ ನಂಬಲಾಗದು. ನಮ್ಮ ಆಕಾಶಗಂಗೆಯ ಅಗಲವೇ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ನಕ್ಷತ್ರಗಳ ಸಂಖ್ಯೆ ಹತ್ತು ಸಾವಿರ ಕೋಟಿಗೂ ಮಿಗಿಲು. 'ಸ್ಟಾರ್ ಟ್ರೆಕ್: ವಾಯೇಜರ್' (1995-2001) ಧಾರಾವಾಹಿಯ ಹಡಗು ಮನೆಯಿಂದ 70,000 ಜ್ಯೋತಿರ್ವರ್ಷ ದೂರ ಎಸೆಯಲ್ಪಟ್ಟು ಏಳು ಸೀಸನ್ ಅಲೆಯಿತು, ಆದರೂ ಈ ಒಂದೇ ಗ್ಯಾಲಕ್ಸಿಯ ಗಡಿ ದಾಟಲಿಲ್ಲ. ಐಸಾಕ್ ಅಸಿಮೋವ್ ಅವರ 'ಫೌಂಡೇಶನ್' ಸಾಮ್ರಾಜ್ಯದ ಎರಡೂವರೆ ಕೋಟಿ ಲೋಕಗಳಿಗೂ ಒಂದೇ ಗ್ಯಾಲಕ್ಸಿ ಸಾಕಾಯಿತು. ಹಾಗಾದರೆ ಆಚೆಯ ಗ್ಯಾಲಕ್ಸಿ ಬೇಕಾಗುವುದು ಜಾಗಕ್ಕಲ್ಲ, ಅನ್ಯನಿಗೆ. ಇಲ್ಲಿ ಇರಿಸಲಾಗದ ಶತ್ರುವನ್ನು ಇರಿಸಲು ಒಂದು ಠಾವು ಬೇಕು, ಅಷ್ಟೆ.

ಸ್ಮಿತ್ ಅವರಲ್ಲಿ ಇದು ನೇರವಾಗಿಯೇ ಇದೆ. ದುಷ್ಟಕೂಟವಾದ ಬಾಸ್ಕೋನ್‌ನ ಬೇರುಗಳು ಎರಡನೆಯ ಗ್ಯಾಲಕ್ಸಿಯಲ್ಲಿವೆ. ಆದರೆ ಅವರಿಗೆ ಅನ್ಯಾಯ ಮಾಡಬಾರದು. ಅವರ ನಾಯಕನ ಆಪ್ತಮಿತ್ರ ವೋರ್ಸೆಲ್ ನೋಡಲು ಹಾರುವ ಹಾವಿನಂತಹ ಜೀವಿ. ರೂಪ ಬೇರೆಯಾದ ಮಾತ್ರಕ್ಕೆ ಶತ್ರುವಲ್ಲ ಎಂಬ ತಿಳಿವು ಆ ಕಾಲದಲ್ಲೇ ಅವರಿಗಿತ್ತು. ಅಸಿಮೋವ್ ಹೆಚ್ಚು ಸೂಕ್ಷ್ಮ. 1986ರ 'ಫೌಂಡೇಶನ್ ಅಂಡ್ ಅರ್ಥ್' ಕಾದಂಬರಿಯ ಕೊನೆಯಲ್ಲಿ ಅವರ ನಾಯಕ ಇಡೀ ಗ್ಯಾಲಕ್ಸಿ ಒಂದೇ ಜೀವವಾಗಬೇಕೆಂದು ಏಕೆ ತೀರ್ಮಾನಿಸಿದ್ದೆಂಬುದು ಬಯಲಾಗುತ್ತದೆ: ಬೇರೆ ಗ್ಯಾಲಕ್ಸಿಗಳಲ್ಲಿ ಯಾರೋ ಇರಬಹುದು, ಅವರು ಬಂದಾಗ ನಾವು ಒಡೆದು ಹೋಗಿರಬಾರದು. ಯಾರೂ ಬಂದಿಲ್ಲ, ಯಾರೂ ಬೆದರಿಸಿಲ್ಲ. ಆದರೂ 'ಅವರು' ಎಂಬ ಊಹೆಯೊಂದೇ 'ನಾವು' ಒಂದಾಗಲು ಸಾಕು. ಈ ತರ್ಕವನ್ನು ಓದುವಾಗ ನಮಗೆ ಭೂಮಿಯ ಮೇಲಿನ ಎಷ್ಟೋ ಭಾಷಣಗಳು ನೆನಪಾಗುತ್ತವೆ. ಆ ಭಾಷಣಗಳಲ್ಲಿ 'ಅವರು' ಆಗಿ ಕುಳಿತು ಕೇಳಿದವರಿಗೆ ಈ ನೆನಪು ಹಿತವಾದದ್ದಲ್ಲ.

'ಸ್ಟಾರ್‌ಗೇಟ್' ಧಾರಾವಾಹಿಗಳು ಈ ದೃಷ್ಟಿಯಿಂದ ಹೆಚ್ಚು ಚರ್ಚೆಗೆ ಅರ್ಹ. ಗ್ಯಾಲಕ್ಸಿಯ ಒಳಗೆ ಓಡಾಡಲು ಏಳು ಚಿಹ್ನೆ, ಆಚೆಗೆ ಹೋಗಲು ಎಂಟನೆಯದು, ಜೊತೆಗೆ ಅಪಾರ ಶಕ್ತಿ. 2004ರಲ್ಲಿ ಆರಂಭವಾದ 'ಸ್ಟಾರ್‌ಗೇಟ್ ಅಟ್ಲಾಂಟಿಸ್' ತಂಡ ಪೆಗಸಸ್ ಗ್ಯಾಲಕ್ಸಿಗೆ ಹೊರಡುವಾಗ ಮರಳುವ ದಾರಿ ಖಚಿತವಿಲ್ಲ. ಇದು ಒಳ್ಳೆಯ ಆರಂಭ. ಅದಕ್ಕಿಂತ ಒಳ್ಳೆಯದು ಮೊದಲ ಕಂತಿನಲ್ಲೇ ಇದೆ. ಹೋದವರ ಕೈಯಿಂದಲೇ ಒಂದು ಕೊಲೆಯಾಗಿ, ನಿದ್ರಿಸುತ್ತಿದ್ದ ನರಭಕ್ಷಕ ರೈತ್‌ಗಳೆಲ್ಲ ಅಕಾಲದಲ್ಲಿ ಎಚ್ಚರಗೊಳ್ಳುತ್ತಾರೆ. ಅದರ ಬೆಲೆ ತೆರುವವರು ಇವರನ್ನು ಕರೆಯದೇ ಇದ್ದ ಅಲ್ಲಿನ ಬಡಜನ. ಇರಾಕ್ ಯುದ್ಧ ಆರಂಭವಾದ ಮರುವರ್ಷ ತೆರೆಗೆ ಬಂದ ಕಥೆ ಇದು. ನಿರ್ಮಾಪಕರ ಉದ್ದೇಶ ಏನೇ ಇರಲಿ, ನೋಡುವ ಕಣ್ಣಿಗೆ ಸಂಬಂಧ ಕಾಣದೆ ಇರುವುದಿಲ್ಲ.

ಆದರೆ ಈ ಗಂಭೀರತೆ ಉಳಿಯಲಿಲ್ಲ. ಎರಡನೆಯ ಸೀಸನ್ನಿಗೆ ಬರುವಾಗ ಹದಿನೆಂಟು ದಿನಗಳಲ್ಲಿ ಬಂದುಹೋಗುವ ಹಡಗು ಸಿದ್ಧವಾಯಿತು. ದೂರ ಹೋಯಿತು, ದೂರದೊಡನೆ ಹೊಣೆಯೂ ಹೋಯಿತು. ಇನ್ನೊಂದು ಕೊರತೆ ಭಾಷೆಯದು. 1994ರ 'ಸ್ಟಾರ್‌ಗೇಟ್' ಸಿನಿಮಾದಲ್ಲಿ ಭಾಷಾತಜ್ಞನೊಬ್ಬ ಅನ್ಯಗ್ರಹದವರ ನುಡಿಯನ್ನು ತಡವರಿಸುತ್ತ ಕಲಿಯುತ್ತಾನೆ. ಧಾರಾವಾಹಿಯಲ್ಲಾದರೋ ಹೆಚ್ಚುಕಡಿಮೆ ಎಲ್ಲ ಲೋಕಗಳೂ ಇಂಗ್ಲಿಷ್ ಮಾತಾಡುತ್ತವೆ. ಉರ್ದು ತರಗತಿಯಿಂದ ಕನ್ನಡ ತರಗತಿಗೆ ಹೋಗಿ ಕೂತ ನಮಗೆ, ಎರಡು ಬೀದಿ ದಾಟಿದರೇ ಎಷ್ಟು ತಡವರಿಕೆ ಎಂಬುದು ಗೊತ್ತು. ಲಕ್ಷಾಂತರ ಜ್ಯೋತಿರ್ವರ್ಷ ದಾಟಿದವನಿಗೆ ಅದಿಲ್ಲವೆಂದರೆ, ಅವನು ಎಲ್ಲಿಗೂ ಹೋಗಿಲ್ಲ ಎಂದೇ ಅರ್ಥ.

2005ರ ಬಳಿಕ 'ಸ್ಟಾರ್‌ಗೇಟ್ ಎಸ್‌ಜಿ-1' ಮತ್ತೊಂದು ಗ್ಯಾಲಕ್ಸಿಯಿಂದ ಓರಿಗಳನ್ನು ಕರೆತಂದಿತು. ಕೈಯಲ್ಲಿ ಗ್ರಂಥ, ಹಿಂದೆ ಸೈನ್ಯ; ನಂಬು, ಇಲ್ಲವೇ ಸಾಯಿ ಎಂಬ ಬೋಧಕರು. ಅವರ ವೇಷಭೂಷಣ ಮಧ್ಯಯುಗದ ಯುರೋಪಿನದು. ಹಾಗಾಗಿ ಇದು ನಮ್ಮನ್ನೇ ಕುರಿತದ್ದೆಂದು ದೂರುವುದು ಅವಸರವಾದೀತು. ಮತಾಂಧತೆ ಹೊರಗಿನಿಂದಲೇ ಬರುತ್ತದೆ, ನಮ್ಮ ಮನೆಯಲ್ಲಿ ಹುಟ್ಟುವುದಿಲ್ಲ ಎಂಬ ನಿರಾಳತೆಯೇ ಇಲ್ಲಿನ ನಿಜವಾದ ದೋಷ.

ಈ ನಿರಾಳತೆ ನಮಗೂ ಹೊಸದಲ್ಲ. ಲಖನೌದ ನವಲ್ ಕಿಶೋರ್ ಪ್ರೆಸ್ 46 ಸಂಪುಟಗಳಲ್ಲಿ ಪ್ರಕಟಿಸಿದ 'ದಾಸ್ತಾನೆ ಅಮೀರ್ ಹಮ್ಝಾ', ಅದರಲ್ಲೂ 1883ರಿಂದ ಹೊರಬಂದ 'ತಿಲಿಸ್ಮೆ ಹೋಶ್‌ರುಬಾ', ಒಂದು ಬಗೆಯಲ್ಲಿ ನಮ್ಮ ಸ್ಪೇಸ್ ಒಪೆರಾ. ಹೋಶ್‌ರುಬಾದಲ್ಲಿ ಝಾಹಿರ್, ಬಾತಿನ್, ಝುಲ್ಮಾತ್ ಎಂಬ ಮೂರು ಪ್ರದೇಶಗಳು. ಪ್ರತಿ ತಿಲಿಸ್ಮಿಗೂ ಅದರದೇ ಕಟ್ಟಳೆ, ಅದರದೇ ಕೀಲಿ. ಒಂದರಲ್ಲಿ ಗೆದ್ದ ಉಪಾಯ ಇನ್ನೊಂದರಲ್ಲಿ ನಡೆಯದು. ಹೊಸ ಗ್ಯಾಲಕ್ಸಿ ಕಟ್ಟುವವರು ಮುಹಮ್ಮದ್ ಹುಸೇನ್ ಜಾಹ್ ಅವರಿಂದ ಕಲಿಯಬೇಕಾದದ್ದು ಇದನ್ನೇ. ಆದರೆ ಆಚೆಯ ಲೋಕದ ಮಾಂತ್ರಿಕರಿಗೆ ಈ ದಾಸ್ತಾನ್ ಕೊಡುವ ಆಯ್ಕೆ ಏನು? ನಮ್ಮ ದೀನ್‌ಗೆ ಬರುವುದು, ಇಲ್ಲವೇ ಕತ್ತಿಗೆ ಆಹುತಿಯಾಗುವುದು. ಬಾಲ್ಯದಲ್ಲಿ ನಾವು ಇದನ್ನು ಚಪ್ಪಾಳೆ ತಟ್ಟಿ ಕೇಳಿದವರೇ. ಓರಿಗಳನ್ನು ಟೀಕಿಸುವ ಮುನ್ನ ಆ ಚಪ್ಪಾಳೆಯ ಲೆಕ್ಕವನ್ನೂ ಕೊಡಬೇಕಾಗುತ್ತದೆ.

ಪ್ರತಿ ನಮಾಝಿನಲ್ಲೂ ನಾವು ಉಚ್ಚರಿಸುವ 'ಆಲಮೀನ್' ಎಂಬ ಪದ ಬಹುವಚನ. ಲೋಕವಲ್ಲ, ಲೋಕಗಳು, ಅವೆಲ್ಲಕ್ಕೂ ಒಬ್ಬನೇ ಪಾಲಕ. ಈ ಬಹುವಚನವನ್ನು ನಂಬುವವರಿಗೆ ಆಚೆಯ ಲೋಕ ಶತ್ರುವಿನ ಕೊಟ್ಟಿಗೆಯಾಗಬೇಕಿಲ್ಲ. ಹೊಸ ಗ್ಯಾಲಕ್ಸಿಗೆ ಓದುಗರನ್ನು ಕರೆದೊಯ್ಯುವ ಲೇಖಕರನ್ನು ನಾವು ಕೇಳುವುದು ಇಷ್ಟೆ: ಅಲ್ಲಿನವರಿಗೂ ಒಂದು ಭಾಷೆ ಇರಲಿ, ಒಂದು ಅಳಲು ಇರಲಿ, ನಮ್ಮನ್ನು 'ಅವರು' ಎಂದು ಕರೆಯುವ ಹಕ್ಕೂ ಇರಲಿ. ಅಲ್ ಸೂಫಿ ಆ ಪುಟ್ಟ ಮೋಡವನ್ನು ಕಂಡಂತೆಯೇ ಬರೆದಿಟ್ಟರು. ಅಲ್ಲಿ ಶತ್ರುವಿದ್ದಾನೆಂದು ಅವರು ಬರೆಯಲಿಲ್ಲ.