ಮನೋವಿಶ್ಲೇಷಣವೂ ರಾಜ್ಯಾಧಿಕಾರವೂ

ಫ್ರಾಯ್ಡನು ವಿಯೆನ್ನಾದಲ್ಲಿ ಪ್ರವರ್ತನಗೊಳಿಸಿದ ಮನೋವಿಶ್ಲೇಷಣವು ರೋಗಿಯ ದುಃಖನಿವೃತ್ತಿಗಾಗಿ ಹುಟ್ಟಿದ ಶಾಸ್ತ್ರವು. ಆಳುವವರ ಕೈಯಲ್ಲಿ ಅದು ಎಂಥ ಕಾರ್ಯಕ್ಕೆ ಬಿದ್ದಿತೆಂಬದನ್ನು ಇಬ್ಬರ ಲೇಖನಗಳಿಂದ ತಿಳಿಯಬಹುದು. ಒಬ್ಬನು ರಾಂಚಿಯ ಯುರೋಪಿಯನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥನಾಗಿದ್ದ ಬರ್ಕಲಿ-ಹಿಲ್. ಇನ್ನೊಬ್ಬನು ಸೈನ್ಯಾಧಿಕಾರಿ ಡಾಲಿ. 1922ರಲ್ಲಿ ಗಿರೀಂದ್ರಶೇಖರ ಬೋಸರು ಕಲಕತ್ತೆಯಲ್ಲಿ ಸ್ಥಾಪಿಸಿದ ಭಾರತೀಯ ಮನೋವಿಶ್ಲೇಷಣ ಸಂಘಕ್ಕೆ ಈರ್ವರೂ ಸೇರಿದವರು.

ಡಾಲಿಯು 1930ರಲ್ಲಿ ಕ್ರಾಂತಿಪ್ರವೃತ್ತಿಗಳ ಮನಶ್ಶಾಸ್ತ್ರವನ್ನು ಕುರಿತು ಬರೆದನು. ಹಿಂದುಗಳ ಅಸಂತೋಷದಲ್ಲಿ ಆತನಿಗೆ ಕಂಡದ್ದು ಶೈಶವಭಾವ. ಆಂಗ್ಲ ಸರಕಾರವು ವಿವೇಕಿಗಳಾದ ತಾಯಿತಂದೆಗಳಂತೆ ನಡೆಯಬೇಕೆಂಬದು ಆತನ ಉಪದೇಶ. ಆ ಕಾಯಿದೆಭಂಗದ ಕಾಲದಲ್ಲಿಯೇ ಅಂಕೋಲೆ, ಸಿದ್ದಾಪುರಗಳಂತೆ ಹಿರೇಕೆರೂರು ತಾಲೂಕಿನಲ್ಲಿಯೂ ಕರನಿರಾಕರಣೆ ನಡೆಯಿತು. ಈಗ ತಾನೇ ತಾಲೂಕಾಗಿರುವ ರಟ್ಟೀಹಳ್ಳಿಯು ಅಂದು ಅದರೊಳಗಿದ್ದಿತು. 1929ರ ತರುವಾಯ ಜಗತ್ತಿನಾದ್ಯಂತ ಧಾನ್ಯದ ಬೆಲೆ ಕುಸಿದಿದ್ದಿತು. ಕಂದಾಯವನ್ನಾದರೋ ರೊಕ್ಕದಲ್ಲಿಯೇ ಕೊಡಬೇಕು. ರೈತನ ಈ ಲೆಕ್ಕವು ತಪ್ಪೆಂದು ತೋರಿಸದೆ ಆತನ ಎದೆಯಲ್ಲಿ ಪಿತೃದ್ವೇಷವನ್ನು ಹುಡುಕುವದು ಯಾವ ನ್ಯಾಯವು? ದೃಷ್ಟಕಾರಣವು ದೊರೆಯುತ್ತಿರಲು ಅದೃಷ್ಟವನ್ನು ಕಲ್ಪಿಸಲಾಗದೆಂದು ಮೀಮಾಂಸಕರು ಎಂದೋ ಹೇಳಿಟ್ಟಿರುವರು. ಡಾಲಿಯು ಫ್ರಾಯ್ಡನಲ್ಲಿಯೇ ವಿಶ್ಲೇಷಣ ಮಾಡಿಸಿಕೊಂಡವನು. ಆದರೂ ಪರರ ನಾಡನ್ನಾಳುವ ಹಂಬಲಕ್ಕೆ ಮನಸ್ಸಿನಲ್ಲಿ ಮೂಲವೇನೆಂಬ ಪ್ರಶ್ನೆಯನ್ನು ಆತನು ತನ್ನವರಿಗೆ ಹಾಕಲಿಲ್ಲ.

ಬರ್ಕಲಿ-ಹಿಲ್ಲನ ವಾದವು ಇನ್ನೂ ಸೂಕ್ಷ್ಮವಾದದ್ದು, ಆದಕಾರಣ ಹೆಚ್ಚು ಅಪಾಯಕರ. ಹಿಂದು-ಮುಸಲ್ಮಾನರ ಐಕ್ಯವನ್ನು ಕುರಿತ 1925ರ ಲೇಖನದಲ್ಲಿ ಆತನು ವೈರಕ್ಕೆ ಎರಡು ಗೂಢಕಾರಣಗಳನ್ನು ಹೇಳುವನು: ಮಾತೃಭೂಮಿಯ ಆಕ್ರಮಣ ಮತ್ತು ಗೋವಧೆ. ಇಲ್ಲಿ ಹೇತುವು ಸವ್ಯಭಿಚಾರವಾಗಿದೆ. ಅದೇ ಭೂಮಿ, ಅದೇ ಗೋವು ಶಿಗ್ಗಾಂವಿ ಸೀಮೆಯಲ್ಲಿಯೂ ಇದ್ದವಷ್ಟೆ! ಅಲ್ಲಿಯ ಶಿಶುನಾಳದ ಶರೀಫ ಸಾಹೇಬರಿಗೆ (1819-1889) ಕಳಸದ ಗೋವಿಂದಭಟ್ಟರು ಗುರುಗಳಾದರು. ಶರೀಫರ ಗದ್ದಿಗೆಗೆ ಉಭಯ ಮತದವರೂ ನಡೆದುಕೊಳ್ಳುತ್ತಾರೆ. ನವಾಬರಾಳಿದ ಸವಣೂರಿನಲ್ಲಿಯೇ ಶ್ರೀಸತ್ಯಬೋಧತೀರ್ಥರ ವೃಂದಾವನವಿದೆ. ಇಲ್ಲಿ ವೈರವು ಗೂಢವಾಗಿ ಅಡಗಿದೆಯೆಂದು ವಾದಿಯು ಹೇಳಿಯಾನು. ಹಾಗೆಂದರೆ ಆತನ ಮಾತಿಗೆ ವಿಪಕ್ಷವೇ ಉಳಿಯದು, ವಿಪಕ್ಷವಿಲ್ಲದ ಮಾತು ಪರೀಕ್ಷೆಗೆ ನಿಲ್ಲದು.

ವೈರವು ಈ ನಾಡಿನಲ್ಲಿ ಇಲ್ಲವೆಂದಲ್ಲ. ಹುಬ್ಬಳ್ಳಿಯ ಈದಗಾ ಮೈದಾನದ ಕಲಹದಲ್ಲಿ 1994ರಲ್ಲಿ ಗೋಲೀಬಾರಾಗಿ ಜೀವಹಾನಿಯಾಯಿತು. ಆದರೆ ಆ ವ್ಯಾಜ್ಯಕ್ಕೆ ಕಾಗದಪತ್ರಗಳಿವೆ: 1921ರಲ್ಲಿ ನಗರಸಭೆಯು 999 ವರ್ಷಗಳ ಮಟ್ಟಿಗೆ ಕೊಟ್ಟ ಗುತ್ತಿಗೆ, ವರುಷಗಟ್ಟಲೆ ನಡೆದ ದಾವೆ, 2010ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು. ಸ್ಥಳದ ವಾದವನ್ನು ಬೀದಿಗೆ ಎಳೆದವರಾರು, ಯಾವ ಚುನಾವಣೆಯ ಮುಂದೆ ಎಂಬದು ವಿಚಾರಣೀಯವು. ಜನಾಂಗದ ಅಚೇತನ ಮನಸ್ಸೇ ಅಪರಾಧಿಯೆಂದರೆ ಅವರೆಲ್ಲರೂ ತಪ್ಪಿಸಿಕೊಳ್ಳುವರು.

ಇಷ್ಟರಿಂದ ಶಾಸ್ತ್ರವನ್ನೇ ತಳ್ಳಿಹಾಕುವದು ಸಲ್ಲದು. ಅದೇ ಸಂಘದ ಬೋಸರು ತಮ್ಮ ಭಾರತೀಯ ರೋಗಿಗಳಲ್ಲಿ ಕಂಡದ್ದು ಯುರೋಪಿಯನ್ನರಲ್ಲಿ ಕಂಡದ್ದಕ್ಕಿಂತ ಭಿನ್ನವೆಂದು 1929ರಲ್ಲಿ ಫ್ರಾಯ್ಡನಿಗೇ ಬರೆದರು. ರೋಗಿಯ ಮಾತಿಗೆ ಕಿವಿಗೊಟ್ಟು ಗುರುವಿನ ಸಿದ್ಧಾಂತವನ್ನು ಪ್ರಶ್ನಿಸಿದ ಆ ಪತ್ರಕ್ಕೂ ಡಾಲಿಯ ಲೇಖನಕ್ಕೂ ನಡುವಿನ ಅಂತರ ಒಂದೇ ವರ್ಷ.